ಜಾರ್ಜಿಯಾಕ್ಕೆ ಮೂವರು

ಶ್ರೀರಂಗಪಟ್ಟಣದಲ್ಲಿ ಯಾರು ಹೊಸ ಕಾರು ತಂದರೂ ಚಕ್ರದಡಿ ನಿಂಬೆಹಣ್ಣು ಇಡುವವನು ನನ್ನ ಗೆಳೆಯ ಸುಶಮೀಂದ್ರ. ಆಂಜನೇಯನ ಗುಡಿಯ ಅರ್ಚಕ. ಕಾರೆಂದರೆ ಪ್ರಾಣ, ಸ್ವಂತಕ್ಕೆ ಮಾತ್ರ ಒಂದು ಸ್ಕೂಟರೂ ಇಲ್ಲ. ನಮ್ಮಿಬ್ಬರ ಗೆಳೆಯ, ಪಾಂಡವಪುರದ ಕಿಶನ್ ತನ್ನ ಹಳೇ ಜೀಪಿನಲ್ಲಿ ಅವನಿಗೆ ಡ್ರೈವಿಂಗ್ ಕಲಿಸಿದ್ದ.

ಈ ಬೇಸಿಗೆಯಲ್ಲಿ ಜಾರ್ಜಿಯಾ ದೇಶಕ್ಕೆ ಹೋಗಿ, ಬಾಡಿಗೆ ಕಾರಿನಲ್ಲಿ ಬೆಟ್ಟದ ದಾರಿಗಳನ್ನು ಸುತ್ತಬೇಕೆಂದು ಮೂವರೂ ನಿಶ್ಚಯಿಸಿದ್ದೆವು. ಸೋವಿ ಟಿಕೆಟ್ಟು, ಸಣ್ಣ ಕಾರು, ಊಟಕ್ಕೆ ಮನೆಯ ಅವಲಕ್ಕಿ, ಚಟ್ನಿಪುಡಿ. ಖರ್ಚು ಮೂರು ಪಾಲಾದರೆ ಮಾತ್ರ ನಮ್ಮ ಕೈಗೆ ಎಟುಕುತ್ತಿತ್ತು.

ನಿನ್ನೆ ಬೆಳಿಗ್ಗೆ ಮೂವರ ಪಾಸ್‌ಪೋರ್ಟುಗಳನ್ನೂ ದೇವರ ಪಾದದಲ್ಲಿಟ್ಟು ಪೂಜೆ ಮಾಡಿದ ಸುಶಮೀಂದ್ರ, ಎರಡನ್ನು ಮಾತ್ರ ವಾಪಸು ತಂದುಕೊಟ್ಟ.

"ನಿಂದೆಲ್ಲಪ್ಪ?" ಎಂದೆ.

"ಅಲ್ಲೇ ಇರ್ಲಿ. ನಾನಿಲ್ದಾಗ ಪೂಜೆ ಮಾಡ್ತೀನಿ ಅಂದಿದ್ದ ಅಪ್ಪನಿಗೆ ಕಣ್ಣು ಪೂರ್ತಿ ಹೋಯ್ತು. ಪೂಜೆಗೆ ಬೇರೆ ಯಾರೂ ಸಿಗ್ಲಿಲ್ಲ ಕಣೋ."

ಕಿಶನ್ ರೇಗಿದ. "ಒಂದ್ ವಾರ ಬಾಗ್ಲಾಕುದ್ರೆ ನಿನ್ ದೇವ್ರೇನು ಓಡೋಯ್ತಾನೇನ್ಲಾ? ನೀನಿಲ್ದೆ ನಾವೆಂಗ್ಲಾ ಓಗದು?"

ನನಗೆ ಸಿಟ್ಟು ಬಂದಿದ್ದು ಆಂಜನೇಯನ ಮೇಲೆ. ತಾನು ಸಮುದ್ರವನ್ನೇ ಹಾರಿದವನು, ಸುಶಮೀಂದ್ರನನ್ನು ಗುಡಿಯ ಹೊಸ್ತಿಲು ದಾಟಲು ಬಿಡಲಿಲ್ಲ.

ಅಷ್ಟರಲ್ಲಿ ಹೊರಗೆ ಹಾರನ್ ಕೇಳಿಸಿತು. ಹೂವಿನ ಹಾರ ಹಾಕಿಕೊಂಡ ಹೊಸ ಕಾರೊಂದು ಬಂದು ನಿಂತಿತ್ತು. ಸುಶಮೀಂದ್ರ ಚಕ್ರಗಳಡಿ ನಿಂಬೆಹಣ್ಣು ಇಟ್ಟ. ಬಾನೆಟ್ಟಿಗೆ ಕುಂಕುಮ ಹಚ್ಚಿ, ಅಂಗೈಯನ್ನು ಒಂದು ಗಳಿಗೆ ಅಲ್ಲೇ ಇಟ್ಟುಕೊಂಡ. ಆಮೇಲೆ ಪಕ್ಕಕ್ಕೆ ಸರಿದು ನಿಂತು ಕಾರಿನವರಿಗೆ ಹೇಳಿದ:

"ಹೂಂ, ಮುಂದಕ್ಕೆ ಬಿಡಿ."