ಶಿವಲಿಂಗಮ್ಮನ ಕುರ್ಚಿ

ಕೋಡಿಹಳ್ಳಿ ಪಕ್ಕದ ಆ ಊರಿನಲ್ಲಿ ಮಗ ಮುಂದೆ ಬಂದಿದ್ದಾನೆ ಅನ್ನಬೇಕಾದರೆ ಅವನ ತಾಯಿ ಕೆಲಸ ಮಾಡದೆ ಜಗಲಿ ಮೇಲೆ ಕೂತಿರಬೇಕು. ಮರಿಯಪ್ಪ ಪಂಚಾಯಿತಿ ಮೆಂಬರ್ ಆದ ವಾರದಲ್ಲೇ ನೀಲಿ ಪ್ಲಾಸ್ಟಿಕ್ ಕುರ್ಚಿ ತಂದು ಅವ್ವನನ್ನು ಕೂರಿಸಿದ. ಅರವತ್ನಾಲ್ಕರ ಶಿವಲಿಂಗಮ್ಮ ಅಲ್ಲಿಯವರೆಗೂ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತಂದು ರೇಷ್ಮೆ ಹುಳುವಿಗೆ ಹಾಕುತ್ತಿದ್ದವಳು. ಇನ್ನು ಮೇಲೆ ಕುಡಿಯುವ ನೀರನ್ನೂ ಅವಳು ತಂದುಕೊಳ್ಳಕೂಡದು ಎಂದು ಅಪ್ಪಣೆಯಾಯಿತು. ಊರವರು ಪುಣ್ಯವಂತೆ ಅಂದರು.

ಎರಡು ವರ್ಷದಲ್ಲಿ ಪುಣ್ಯವಂತೆಯ ತೊಡೆ ಒಣಗಿ ಕಡ್ಡಿಯಾಯಿತು. ನೆಲದಿಂದ ಏಳಲು ಗೋಡೆ ಬೇಕು, ಕುರ್ಚಿಯಿಂದ ಏಳಲು ಸೊಸೆ ಬೇಕು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅಷ್ಟೇ.

ಕಿರಿಮಗ ಅಂಕಯ್ಯ ತನ್ನ ಆಟೋದಲ್ಲೇ ಕನಕಪುರಕ್ಕೆ ಕರೆದೊಯ್ದ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು; ಆದರೂ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಸರಸಮ್ಮನ ಒಂದೊಂದು ಮಾತೂ ಅವನಿಗೆ ನಾಟಿತು. ವಯಸ್ಸಾದ ಹೆಂಗಸರಲ್ಲಿ ಕೆಲಸವಿಲ್ಲದ ಮಾಂಸಖಂಡ ಬೇಗ ಕರಗುತ್ತದೆ. ಕೈ ಊರದೆ ಕುರ್ಚಿಯಿಂದ ದಿನಾ ಹತ್ತು ಸಲ ಎದ್ದು ಕೂರಬೇಕು, ಸ್ವಲ್ಪ ಸ್ವಲ್ಪ ಭಾರ ಎತ್ತಬೇಕು. ಮೊಟ್ಟೆ, ಕಾಳು, ಹಾಲು ಬೇಕು; ಸಾಲದಿದ್ದರೆ ಪ್ರೋಟೀನ್ ಪುಡಿ. ಆದರೆ ಕೂತಲ್ಲೇ ಕೂತು ಪುಡಿ ಕುಡಿದರೆ ಕಾಲಿಗೆ ಬಲ ಬರುವುದಿಲ್ಲ. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾರೆ ಎಂದಳು.

ಮರಿಯಪ್ಪ ಇದರಲ್ಲಿ ಪುಡಿಯನ್ನಷ್ಟೇ ಕೇಳಿಸಿಕೊಂಡ. ದೊಡ್ಡ ಡಬ್ಬಿ ತಂದು, ಬಂದವರಿಗೆಲ್ಲ ಕಾಣುವಂತೆ ಟಿವಿ ಪಕ್ಕದಲ್ಲಿಟ್ಟ. ಅಂಕಯ್ಯ ಅವ್ವನನ್ನು ಎದ್ದು ಕೂರಲು ಹೇಳಿದರೆ, ಜಗಲಿ ಮೇಲೆ ಮುದುಕಿಯನ್ನು ಕುಣಿಸಿ ನನ್ನ ಮಾನ ಕಳೆಯುತ್ತೀಯ ಎಂದು ಗದರಿದ.

ತಿಂಗಳೊಳಗೆ ಡಬ್ಬಿ ತಳ ಕಂಡಿತು. ಕೂತೇ ಇದ್ದವಳ ಕಾಲಿಗೆ ಬಲ ಬಾರದಿದ್ದರೂ ಮೈಯಾದರೂ ಒಂದಿಷ್ಟು ತುಂಬಬೇಕಿತ್ತು, ಅದೂ ಇಲ್ಲ. ಅಂಗಡಿಯವನು ಮೋಸ ಮಾಡಿದ ಎಂದು ಅಂಕಯ್ಯ ಜಗಳಕ್ಕೆ ಹೊರಟಾಗ ಅತ್ತಿಗೆ ಅಡ್ಡ ಬಂದು ನಿಜ ಹೇಳಿದಳು. ಪುಡಿಯೆಲ್ಲ ಮರಿಯಪ್ಪನ ಬೆಳಗಿನ ಹಾಲಿಗೆ ಹೋಗುತ್ತಿತ್ತು. ಬೆರೆಸು ಅಂದವಳು ಅವ್ವನೇ.

"ಹೊರಗೆ ತಿರುಗೋ ಗಂಡ್ಸು ಕಣಪ್ಪ, ಅವನ್ಗೆ ಬ್ಯಾಡ್ವಾ? ಕೂತಿರೋಳ್ಗೆ ಯಾಕೆ," ಅಂದಳು ಶಿವಲಿಂಗಮ್ಮ.

ಅಂಕಯ್ಯನ ಮೈ ಉರಿಯಿತು. ನಲವತ್ತು ವರ್ಷ ಅವಳು ಹೊರೆ ಹೊತ್ತಾಗ ಯಾರ ಮಾನವೂ ಹೋಗಲಿಲ್ಲ. ತನ್ನ ಕಾಲಿಗಾಗಿ ಹತ್ತು ಸಲ ಎದ್ದರೆ ಹೋಗಿಬಿಡುತ್ತದಂತೆ. ತಟ್ಟೆಯ ಮೊಟ್ಟೆ ಗಂಡಸಿಗೆ, ಡಬ್ಬಿಯ ಪುಡಿ ಗಂಡಸಿಗೆ, ಅವಳಿಗೆ ಕುರ್ಚಿ.

ಅಂಗಳದಲ್ಲಿ ಮರಿಯಪ್ಪ ಇಬ್ಬರು ನೆಂಟರ ಜೊತೆ ನಿಂತು ಉಳಿದ ಪುಡಿ ಬೆರೆತ ಹಾಲಿನ ಲೋಟ ಎತ್ತಿದ್ದ.

"ಕುಡಿಯಣ್ಣ," ಎಂದ ಅಂಕಯ್ಯ. "ಅವ್ವನ ಕಾಲು ಅದು. ಒಸಿನೂ ಬುಡ್ದಂಗೆ ಕುಡಿ."

ಎತ್ತಿದ ಲೋಟ ಅಲ್ಲೇ ನಿಂತಿತು. ಪುಡಿಯ ಕತೆಯನ್ನು ಅಂಕಯ್ಯ ನೆಂಟರ ಮುಂದೆಯೇ ಬಿಚ್ಚಿಟ್ಟ. ಮರಿಯಪ್ಪನಿಗೆ ಅದು ಗೊತ್ತೇ ಇರಲಿಲ್ಲ, ಮುಖ ಕಪ್ಪಿಟ್ಟಿತು. ಮಕ್ಕಳು ಕೈ ಕೈ ಮಿಲಾಯಿಸುತ್ತಾರೆಂದು ಹೆದರಿದ ಶಿವಲಿಂಗಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. ಒಂದು ಸಲ ಏಳಲಾಗಲಿಲ್ಲ. ಎರಡನೇ ಸಲವೂ ಕುಸಿದಳು. ಹಿಡಿಯಲು ಓಡಿದ ಮರಿಯಪ್ಪನಿಗೆ ಅಂಕಯ್ಯ ತೋಳು ಅಡ್ಡ ಕೊಟ್ಟ.

"ಮುಟ್ಬ್ಯಾಡ."

ಮೂರನೇ ಸಲ, ತೊಡೆ ಗಡಗಡ ನಡುಗುತ್ತಿದ್ದರೂ, ಕೈ ಊರದೆ ಅವಳು ಎದ್ದು ನಿಂತಳು. ತಾನು ನಿಂತಿದ್ದೇನೆಂಬುದು ಅವಳಿಗೆ ತಡವಾಗಿ ಗೊತ್ತಾಯಿತು. ಕಾಲನ್ನು ನೋಡಿಕೊಂಡಳು. ಆಮೇಲೆ ಹಿರಿಮಗನ ಕಡೆ ಕೈ ಚಾಚಿದಳು.

"ಆ ಲೋಟ ಇಲ್ ಕೊಡು, ಮರಿಯ."