ಚಿಪ್‌ನೊಳಗಿನ ಬೀಗ

ಓಣಿಯವರೆಲ್ಲ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆ ಪಕ್ಕದ ಮನೆಯಾಕೆಯ ಮುಂದೆ "ನಮ್ಮ ಸೊಸೆಗೆ ಡ್ರೈವರ್ ಕೆಲಸ" ಎಂದು ಹೆಮ್ಮೆಯಿಂದ ಹೇಳಿದ್ದೇ ತಡ, ಆಕೆ "ಬಸ್ಸೋ, ಲಾರಿಯೋ?" ಎಂದು ಕೇಳಿದ್ದಳು. ಕಂಪ್ಯೂಟರಿಗೂ ಅದಕ್ಕೆ ಸಿಕ್ಕಿಸುವ ವೈಫೈ ಅಡಾಪ್ಟರಿಗೂ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಮಿಗೂ ಡ್ರೈವರ್ ಅಂತಲೇ ಹೆಸರು, ಅದನ್ನು ಬರೆಯುವುದು ತನ್ನ ಕೆಲಸ ಎಂದು ಸೊಸೆ ಬಿಡಿಸಿ ಹೇಳುವಷ್ಟರಲ್ಲಿ ಅಡ್ಡಹೆಸರು ಓಣಿಯ ತುದಿ ಮುಟ್ಟಿಯಾಗಿತ್ತು.

ಅವಳು ಕೆಲಸ ಮಾಡುವ ಕಂಪನಿಯದೇ ಮೇಲಿನ ಮಹಡಿಯಲ್ಲಿ ಅವಳ ಭಾವನ ಕೆಲಸ. ಗಂಡನ ಅಣ್ಣ, ಮದುವೆಯ ಗೋಜಿಗೆ ಹೋಗದೆ ಚಿಪ್ ವಿನ್ಯಾಸಕ್ಕೇ ಜೀವ ತೇದವರು. ಅಡಾಪ್ಟರಿನೊಳಗಿನ ಚಿಪ್ ಅವರದೇ ಕೂಸು. ಗಾಳಿಯಲ್ಲಿ ಹೋಗುವ ಪ್ರತಿ ಸಂದೇಶಕ್ಕೂ ದಾರಿಯಲ್ಲಿ ಯಾರೂ ಓದದ ಹಾಗೆ ಬೀಗ ಹಾಕಬೇಕಲ್ಲ, ಆ ಕೆಲಸವನ್ನು ಕಂಪ್ಯೂಟರಿನ ತಲೆಗೆ ಕಟ್ಟದೆ ಚಿಪ್ಪೇ ಮಾಡಿ ಮುಗಿಸುತ್ತಿತ್ತು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ "ಬೀಗ ಚಿಪ್‌ನಲ್ಲೇ!" ಎಂದು ಅಚ್ಚಾಗಿತ್ತು. ಮೊದಲ ಡಬ್ಬಕ್ಕೆ ಭಾವ ಗಾಜಿನ ಕಟ್ಟು ಹಾಕಿಸಿ ಮನೆಯ ಹಜಾರದ ಗೋಡೆಗೆ ತೂಗುಹಾಕಿದ್ದರು.

ಚಿಪ್ ಮಾಡಿದವರೂ ಡ್ರೈವರ್ ಬರೆದವಳೂ ಒಂದೇ ಸೂರಿನಡಿ ಇದ್ದರೂ ಅದರ ಬಗ್ಗೆ ಮಾತಾಡಿದವರಲ್ಲ. ಊಟದ ಹೊತ್ತಿನಲ್ಲಿ ಆಫೀಸಿನ ಸುದ್ದಿ ಎತ್ತಿದರೆ ಅತ್ತೆ ಸೌಟಿನಿಂದ ಮೇಜು ಕುಟ್ಟುತ್ತಿದ್ದರು. ಆಫೀಸಿನಲ್ಲಿ ಮಾತಾಡೋಣವೆಂದರೆ ಅಲ್ಲಿ ಮಹಡಿಗೊಂದು ವಿಭಾಗ, ಏನಿದ್ದರೂ ಕಾಗದದಲ್ಲಿ ಬರೆದು ಕಳಿಸಬೇಕು.

ಹೀಗಿರುವಾಗ ಒಂದು ಲೈಬ್ರರಿಯಿಂದ ದೂರು ಬಂತು. ಇಪ್ಪತ್ತೆರಡು ಕಂಪ್ಯೂಟರಿಗೂ ಇವರದೇ ಅಡಾಪ್ಟರು; ಸಿಗ್ನಲ್ ತುಂಬಿ ತುಳುಕುತ್ತದೆ, ಆದರೆ ಪ್ರಿಂಟರು ಕಾಣಿಸುವುದಿಲ್ಲ. ಡ್ರೈವರಮ್ಮನನ್ನೇ ಕಳಿಸಿದರು. ಲೈಬ್ರರಿಯನ್ ಬಿಳಿಗೂದಲಿನ ಹೆಂಗಸು, ಮಾತಿಗಿಂತ ಮೊದಲು, ಸಂಪರ್ಕ ಕಡಿದ ಹೊತ್ತುಗಳನ್ನು ಬರೆದಿಟ್ಟ ನೋಟ್‌ಬುಕ್ ಮುಂದಿಟ್ಟರು. ಹತ್ತು ಹತ್ತು. ಹನ್ನೊಂದು ಹತ್ತು. ಹನ್ನೆರಡು ಹತ್ತು. ಮೂರು ವಾರದ ಲೆಕ್ಕ, ಒಂದು ದಿನವೂ ತಪ್ಪಿಲ್ಲ.

"ನಮ್ಮ ಸಿಬ್ಬಂದಿಗಿಂತ ನಿಮ್ಮ ಯಂತ್ರಕ್ಕೇ ಶಿಸ್ತು ಜಾಸ್ತಿ," ಎಂದರು. "ಪ್ರತಿ ಗಂಟೆಗೂ ಇಪ್ಪತ್ತೆರಡನ್ನೂ ಕಿತ್ತು ಮತ್ತೆ ಸಿಕ್ಕಿಸ್ತೀನಿ. ಸೊಂಟ ಹಿಡ್ಕೊಂಡಿದೆ."

"ಬೆಳಿಗ್ಗೆ ರೌಟರ್ ಎಷ್ಟು ಹೊತ್ತಿಗೆ ಹಾಕ್ತೀರಾ ಮೇಡಂ?"

"ಒಂಬತ್ತು ಹತ್ತಕ್ಕೆ."

ಅಲ್ಲಿಗೆ ಡ್ರೈವರಮ್ಮನಿಗೆ ಎಲ್ಲ ಗೊತ್ತಾಯಿತು. ನಿಜ ಹೇಳಬೇಕೆಂದರೆ ಮೊದಲೇ ಗೊತ್ತಿತ್ತು. ರೌಟರು ಗಂಟೆಗೊಮ್ಮೆ ಎಲ್ಲರಿಗೂ ಹೊಸ ಬೀಗದ ಕೈ ಹಂಚುತ್ತದೆ. ಭಾವನ ಚಿಪ್ ಅದನ್ನು ಮರ್ಯಾದೆಯಾಗಿ ಇಸಿದುಕೊಂಡು, ಹಳೆಯ ಕೈಯನ್ನೇ ಹಿಡಿದು ಕೂರುತ್ತಿತ್ತು. ಬಂದ ಸಂದೇಶ ತೆರೆಯುವುದೇ ಇಲ್ಲ. ಎರಡು ವರ್ಷದ ಹಿಂದೆ ಮನೆಯ ಹಜಾರದ ಕಂಪ್ಯೂಟರಿನಲ್ಲಿ, ಅತ್ತೆ ತಂಗಿಯೊಡನೆ ವಿಡಿಯೋದಲ್ಲಿ ಮಾತಾಡುವಾಗ ಗಂಟೆಗೊಮ್ಮೆ ಇದೇ ಕಾಟ. ಅತ್ತೆಯ ಗೊಣಗಾಟ ತಡೆಯಲಾರದೆ ಅವಳು ಯಾರಿಗೂ ಹೇಳದೆ ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿದ್ದಳು: ಚಿಪ್ಪಿನ ಬೀಗ ಬೇಡ, ಕಂಪ್ಯೂಟರೇ ಹಾಕಿಕೊಳ್ಳಲಿ. ಬೀಗವೇನೋ ಬೀಳುತ್ತಿತ್ತು, ಹಾಕುವವರು ಮಾತ್ರ ಬೇರೆ. ಭಾವನಿಗೆ ಹೇಳಲು ಬಾಯಿ ಬರಲಿಲ್ಲ. ಅಲ್ಲದೆ ಅವರ ಕೋಣೆಯ ಕಂಪ್ಯೂಟರು ಒಮ್ಮೆಯೂ ಕೈಕೊಟ್ಟಿರಲಿಲ್ಲವಲ್ಲ! ಹಜಾರದ ಅಡಾಪ್ಟರೊಂದೇ ಕೆಟ್ಟ ಪೀಸು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಮರುದಿನ ಮಾರಾಟದ ಮ್ಯಾನೇಜರ್ ಸಭೆ ಕರೆದ. ಅವಳು "ತಪ್ಪು ಚಿಪ್‌ನಲ್ಲಿ ಇರಬಹುದು" ಎಂದು ಬಾಯಿಬಿಟ್ಟಳು. ಭಾವ ಕನ್ನಡಕ ಸರಿಮಾಡಿಕೊಂಡರು.

"ನಮ್ಮ ಮನೆ ಹಜಾರದಲ್ಲಿ ಎರಡು ವರ್ಷದಿಂದ ಓಡ್ತಾ ಇದೆ. ಒಂದು ದಿನ ಕಡಿದಿಲ್ಲ. ನಮ್ಮಮ್ಮನ್ನ ಕೇಳಿ."

ಅವಳು ಉಸಿರೆತ್ತುವ ಮೊದಲೇ ಮ್ಯಾನೇಜರ್ ಮೇಜು ತಟ್ಟಿದ.

"ಹಾಗಾದ್ರೆ ಸಾಕ್ಷಿ ಮನೇಲೇ ಇದೆ! ಮನೇಲಿರೋ ಎಲ್ಲ ಕಂಪ್ಯೂಟರನ್ನೂ ಲೈಬ್ರರಿಗೆ ತನ್ನಿ ಸಾರ್. ಅವರೇ ಕಣ್ಣಾರೆ ನೋಡ್ಲಿ."

ಹಾಗೆ ಹಜಾರದ್ದೂ ಕೋಣೆಯದೂ ಎರಡು ಕಂಪ್ಯೂಟರುಗಳು ಹೊದಿಕೆಯಲ್ಲಿ ಸುತ್ತಿಸಿಕೊಂಡು ಲೈಬ್ರರಿಯ ಓದುವ ಕೋಣೆಗೆ ಬಂದವು. ಹತ್ತು ಹತ್ತಕ್ಕೆ ಇಪ್ಪತ್ತೆರಡೂ ಸಾಲಾಗಿ ಸತ್ತವು. ಮನೆಯಿಂದ ಬಂದ ಎರಡು ಮಾತ್ರ ಪಟಪಟ ಅಂತ ಪ್ರಿಂಟ್ ಹೊಡೆದವು. ಹನ್ನೊಂದು ಹತ್ತಕ್ಕೂ ಅದೇ ಕಥೆ. ಮ್ಯಾನೇಜರ್ ಎದೆಯುಬ್ಬಿಸಿದ.

"ನೋಡಿದ್ರಾ ಮೇಡಂ? ನಮ್ಮ ಮಾಲಿನಲ್ಲಿ ತಪ್ಪಿಲ್ಲ."

"ಹಾಗಾದ್ರೆ ಇವೆರಡನ್ನ ಇಲ್ಲೇ ಬಿಟ್ಟು ಆ ಇಪ್ಪತ್ತೆರಡನ್ನ ನಿಮ್ಮ ಮನೆಗೆ ತಗೊಂಡು ಹೋಗಿ," ಎಂದರು ಲೈಬ್ರರಿಯನ್.

ಕೊನೆಗೆ, ಮನೆಯವುಗಳ ಸೆಟ್ಟಿಂಗನ್ನೇ ಎಲ್ಲದಕ್ಕೂ ನಕಲು ಮಾಡುವುದೆಂದು ತೀರ್ಮಾನವಾಯಿತು. ಭಾವ ಯಾಕೋ ತಮ್ಮ ಕಂಪ್ಯೂಟರಿನ ಕಡೆ ಕೈಚಾಚಿದರು. ಡ್ರೈವರಮ್ಮನಿಗೂ ಹಜಾರದ್ದರ ಕಡೆ ಓಡುವ ಆತುರ. ಅಷ್ಟರಲ್ಲಿ ಮ್ಯಾನೇಜರ್ ಅವಳನ್ನು ಭಾವನ ಕಂಪ್ಯೂಟರಿನ ಮುಂದೆ ಕೂರಿಸಿ, ಭಾವನನ್ನು ಹಜಾರದ್ದರ ಮುಂದೆ ಕೂರಿಸಿ, ಫೋನು ಬಂತೆಂದು ಆಚೆ ಹೋದ.

ಅವಳು ಸೆಟ್ಟಿಂಗ್ ತೆರೆದಳು. ಚಿಪ್ಪಿನ ಬೀಗ ಬೇಡ ಎನ್ನುವ ಅದೇ ಸಾಲು ಅಲ್ಲಿತ್ತು. ತಾನೇ ಹಾಕಿ ಮರೆತೆನೇನೋ ಎಂದು ಎರಡು ಸಲ ಓದಿದಳು. ಪಕ್ಕದಲ್ಲಿ "ತಾತ್ಕಾಲಿಕ" ಎಂದು ಬೇರೆ ಬರೆದಿತ್ತು. ತಲೆಯೆತ್ತಿದರೆ ಎದುರಿನ ಪರದೆಯ ಮೇಲಿಂದ ಭಾವ ಅವಳನ್ನೇ ನೋಡುತ್ತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಇದು ನೀನು ಹಾಕಿದ್ದಾ?" ಎಂದರು ಮೆಲ್ಲಗೆ.

"ಹೌದು ಭಾವ. ನಿಮ್ಮದನ್ನ ಯಾವಾಗ ಹಾಕಿದ್ರಿ?"

"ಡಬ್ಬಕ್ಕೆ ಕಟ್ಟು ಹಾಕಿಸಿದ ಮಾರನೇ ವಾರ. ನನ್ನ ಪೀಸ್ ಒಂದೇ ಕೆಟ್ಟಿದೆ ಅಂದ್ಕೊಂಡೆ ಕಣಮ್ಮ. ಹಜಾರದ್ದು ಚೆನ್ನಾಗೇ ಓಡ್ತಿತ್ತಲ್ಲ!"

"ನಾನು ಚಿಪ್ಪಿನ ಬೀಗ ಆಫ್ ಮಾಡಿದ್ದಕ್ಕೆ ಓಡ್ತಿತ್ತು. ನಿಮ್ಮ ಕೋಣೇದು ಚೆನ್ನಾಗಿದೆಯಲ್ಲ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ."

ಭಾವ ಮೊದಲು ಕೆಮ್ಮಿದರು, ಆಮೇಲೆ ಅದು ನಗುವಾಯಿತು. ಓದುವ ಕೋಣೆಯಲ್ಲಿ ನಗಬಾರದು ಎಂದು ಲೈಬ್ರರಿಯನ್ ಬೋರ್ಡಿನ ಕಡೆ ಕೈ ತೋರಿಸಿದರು.

ಮ್ಯಾನೇಜರ್ ಮರಳಿದ ಮೇಲೆ ಭಾವ ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದರು. ಅವನು "ಅಂದ್ರೆ ಚಿಪ್ಪಿನ ಬೀಗ ಆಫ್ ಮಾಡಿದ್ರೆ ಸರಿಹೋಗುತ್ತೆ. ಎಲ್ಲಾ ಗಿರಾಕಿಗಳಿಗೂ ಆಫ್ ಮಾಡಿಬಿಡಿ," ಎಂದ.

"ಡಬ್ಬದ ಮೇಲೆ ಬೀಗ ಚಿಪ್‌ನಲ್ಲೇ ಅಂತಿದೆಯಲ್ರೀ?"

"ಡಬ್ಬ ಯಾರು ಓದ್ತಾರೆ ಸಾರ್?"

"ಯಾರೂ ಓದದೇ ಇದ್ರೆ ಅಷ್ಟು ದಪ್ಪಕ್ಕೆ ಯಾಕೆ ಅಚ್ಚು ಹಾಕಿಸಿದ್ರಿ?"

ಚಿಪ್ಪಿನ ಬೀಗ ಆಫ್ ಮಾಡುವ ಅಪ್‌ಡೇಟ್ ಅದೇ ವಾರ ಹೋಯಿತು, "ಸುಧಾರಿತ ಭದ್ರತೆ" ಎಂಬ ಹೆಸರಿನಲ್ಲಿ. ಗಿರಾಕಿಗಳಿಂದ ಹೊಗಳಿಕೆಯ ಮಳೆಯೇ ಸುರಿಯಿತು. ಚಿಪ್ಪಿನ ಬೀಗ ಎಷ್ಟು ಗಟ್ಟಿಯಾಗಿ ಕೆಲಸ ಮಾಡುತ್ತಿದೆ ಎಂದು ಒಬ್ಬ ಎರಡು ಪುಟ ಬರೆದಿದ್ದ.

ಭಾವನಿಗೆ ಮಾತ್ರ ಅನ್ನ ಸೇರಲಿಲ್ಲ. ಒಂದು ದಿನ ಅವರೇ ಅತ್ತೆಯ ಸೌಟಿಗೂ ಹೆದರದೆ ಊಟದ ಮೇಜಿನ ಮೇಲೆ ಚಿಪ್ಪಿನ ಕೈಪಿಡಿ ಬಿಚ್ಚಿದರು. "ಹೊಸ ಬೀಗದ ಕೈ ಹಾಕೋಕೆ ಮುಂಚೆ ಡ್ರೈವರೇ ಹಳೇದನ್ನ ಅಳಿಸಬೇಕು. ಸ್ಪಷ್ಟವಾಗಿ ಬರೆದಿದ್ದೀನಿ ನೋಡು, ಇನ್ನೂರ ಹದಿನಾಲ್ಕನೇ ಪುಟ."

ಅವಳು ಒಳಗೆ ಹೋಗಿ ತನ್ನ ಪ್ರತಿ ತಂದಳು. ಅದು ಇನ್ನೂರನೇ ಪುಟಕ್ಕೇ ಮುಗಿದಿತ್ತು. ಮಹಡಿಯಿಂದ ಮಹಡಿಗೆ ಇಳಿಯುವಾಗ ಕೊನೆಯ ಹಾಳೆಗಳು ಎಲ್ಲಿ ಉದುರಿದವೋ ದೇವರೇ ಬಲ್ಲ. ಚಿಪ್ಪಿನದೂ ತಪ್ಪಲ್ಲ, ಡ್ರೈವರಿನದೂ ತಪ್ಪಲ್ಲ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ಮೆಟ್ಟಿಲು ಹತ್ತಿ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಇಬ್ಬರೂ ಕೂತು ಡ್ರೈವರನ್ನು ತಿದ್ದಿದರು. ಮ್ಯಾನೇಜರ್ ಅದನ್ನು ಬಿಡುಗಡೆ ಮಾಡಲು ಒಪ್ಪಲಿಲ್ಲ. "ಜನ ಖುಷಿಯಾಗಿದ್ದಾರೆ. ಈಗ ನಿಜವಾಗಿ ಸರಿಮಾಡಿದ್ವಿ ಅಂದ್ರೆ ಅನುಮಾನ ಬರುತ್ತೆ," ಎಂದ.

ಕೊನೆಗೆ ಭಾನುವಾರ ಬೆಳಿಗ್ಗೆ ಅವಳು ಅದನ್ನು ಹಜಾರದ ಕಂಪ್ಯೂಟರಿಗೇ ಹಾಕಿ, ಆ ಗುಟ್ಟಿನ ಸಾಲನ್ನು ಅಳಿಸಿದಳು. ಅತ್ತೆ ತಂಗಿಯೊಡನೆ ಮಾತಿಗೆ ಕೂತಿದ್ದರು. ಬೆನ್ನ ಹಿಂದೆ ಭಾವನೂ ಅವಳೂ ಗಡಿಯಾರ ನೋಡುತ್ತ ನಿಂತರು. ಬೀಗದ ಕೈ ಬದಲಾಗುವ ನಿಮಿಷ ಬಂತು, ಹೋಯಿತು. ತಂಗಿಯ ಮುಖ ಪರದೆಯ ಮೇಲೆ ಮೊದಲಿನಂತೆಯೇ ಹರಟುತ್ತಿತ್ತು. ಭಾವ ಕಣ್ಣೊರೆಸಿಕೊಂಡರು.

ಅತ್ತೆ ತಿರುಗಿ ನೋಡಿದರು. "ಏನ್ರೋ ಅದು, ಇಬ್ಬರೂ ಹಾಗೆ ನಿಂತಿದ್ದೀರಾ?"

"ಏನೂ ಆಗಲಿಲ್ಲಮ್ಮ," ಎಂದರು ಭಾವ.

"ಏನೂ ಆಗದೇ ಇರೋದನ್ನ ನೋಡೋಕೆ ಇಬ್ಬರು ಬೇಕಾ?" ಎಂದ ಅತ್ತೆ, ಮತ್ತೆ ತಂಗಿಯ ಕಡೆ ತಿರುಗಿದರು.