ಆಣೆ ಹಿಡಿದ ಕಣ್ಣು

ಡಾಕ್ಟರು ಹೇಳಿದ್ದರಲ್ಲಿ ನೋಣಯ್ಯನಿಗೆ ಹಿಡಿಸಿದ್ದು ಕೊನೆಯ ಮಾತೊಂದೇ. ಮೂಡುಬಿದಿರೆಯ ಶಾಲೆಯೊಂದರಲ್ಲಿ ಸಕ್ಕರೆ ಕಾಯಿಲೆಯವರಿಗೆಂದು ಕಣ್ಣಿನ ಶಿಬಿರ ನಡೆದಿತ್ತು. ಹನಿ ಬಿಟ್ಟು, ಬೆಳಕು ಹಾಯಿಸಿ ನೋಡಿದ ಡಾಕ್ಟರಮ್ಮ, ಎರಡೂ ಕಣ್ಣಿನ ಹಿಂಪರದೆಯಲ್ಲಿ ರಕ್ತ ಒಸರುತ್ತಿದೆ, ಈಗ ಚೆನ್ನಾಗಿ ಕಾಣುತ್ತದೆಂದು ನಂಬಿ ಕೂರಬೇಡಿ ಎಂದರು. ಬಿ.ಸಿ. ರೋಡಿನ ಕಣ್ಣಾಸ್ಪತ್ರೆಗೆ ತಿಂಗಳಿಗೊಮ್ಮೆ ಮಂಗಳೂರಿನಿಂದ ರೆಟಿನಾ ಡಾಕ್ಟರು ಬರುತ್ತಾರೆ, ಈ ತಿಂಗಳೇ ತೋರಿಸಿ ಎಂದು ಚೀಟಿಯನ್ನೂ ಬರೆದರು. ನೋಣಯ್ಯ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡ. ಒಡಹುಟ್ಟಿದವರು ಯಾರಾದರೂ ಇದ್ದಾರೆಯೇ ಎಂದು ಅವರು ಕೇಳಿದಾಗ, ತಂಗಿ ಒಬ್ಬಳಿದ್ದಾಳೆ ಎಂದ.

"ಹಾಗಾದ್ರೆ ಅವರಿಗೂ ಹೇಳಿ. ಇದು ಕುಟುಂಬದಲ್ಲಿ ಬರುವಂಥದ್ದು. ಕಣ್ಣು ಮಂಜಾದ ಮೇಲೆ ಬಂದ್ರೆ ನಮ್ಮಿಂದ ಹೆಚ್ಚೇನೂ ಆಗುವುದಿಲ್ಲ."

ನೋಣಯ್ಯ ತಲೆಯಾಡಿಸಿ ಎದ್ದುಬಂದ. ಹೇಳುವುದಿಲ್ಲ ಎಂಬುದು ಶಾಲೆಯ ಗೇಟು ದಾಟುವ ಮೊದಲೇ ಅವನಲ್ಲಿ ನಿಶ್ಚಯವಾಗಿಬಿಟ್ಟಿತ್ತು.

ಅವನ ಹಗೆಗೆ ಒಂಬತ್ತು ವರ್ಷ ತುಂಬಿತ್ತು. ಪುತ್ತಿಗೆಯ ಮನೆಯಲ್ಲಿ ತಾಯಿ ತೀರಿಹೋದಾಗ ಅವಳ ಕುತ್ತಿಗೆಯಲ್ಲಿ ಇರಬೇಕಾಗಿದ್ದ ಚಿನ್ನದ ಸರ ಇರಲಿಲ್ಲ. ಕೊನೆಯ ದಿನಗಳಲ್ಲಿ ಆರೈಕೆಗೆಂದು ಉಜಿರೆಯಿಂದ ಬಂದು ನಿಂತವಳು ತಂಗಿ ಕಾಂತಿ. ಅಮ್ಮ ತಾನಾಗಿಯೇ ನನಗೆ ಕೊಟ್ಟದ್ದು ಎಂದಳು. ಕೊಟ್ಟದ್ದನ್ನು ಕಂಡವರಿಲ್ಲ. ಸತ್ತವಳು ಸಾಕ್ಷಿಗೆ ಬರುವುದಿಲ್ಲ ಎಂಬ ಧೈರ್ಯ ಇವಳಿಗೆ ಎಂದು ನೋಣಯ್ಯ ಹಲ್ಲು ಕಡಿದ. ದೈವಸ್ಥಾನದ ಎದುರು ನಿಂತು, ಸರ ಕದ್ದವರ ಕಣ್ಣು ಕತ್ತಲಾಗಲಿ ಎಂದು ಆಣೆ ಹಾಕಿದ. ಕಾಂತಿಯೇನು ಕಡಿಮೆಯವಳೆ? ಸುಳ್ಳು ಹೊರಿಸಿದವನ ಕಣ್ಣು ಕತ್ತಲಾಗಲಿ ಎಂದು ಅಲ್ಲೇ ತಾನೂ ಹಾಕಿದಳು. ಒಮ್ಮೆ ಆಣೆ ಬಿದ್ದರೆ ಎರಡು ಮನೆಗಳ ನಡುವೆ ಮಾತಿಲ್ಲ, ನೀರಿಲ್ಲ, ಮದುವೆಗೂ ಇಲ್ಲ, ಮಸಣಕ್ಕೂ ಇಲ್ಲ. ಇಬ್ಬರೂ ಕೂಡಿ ಬಂದು ಅದೇ ಸನ್ನಿಧಿಯಲ್ಲಿ ಬಿಡಿಸಿಕೊಳ್ಳುವವರೆಗೆ ಹಾಗೆಯೇ. ಮೊದಲು ಬಾಗುವವರು ಯಾರು ಎಂಬಲ್ಲಿಗೆ ಎಲ್ಲ ನಿಂತಿತ್ತು.

ಹಾಗಾಗಿ ತನ್ನ ಕಣ್ಣಿನ ಸಂಗತಿ ಉಜಿರೆಗೆ ಮುಟ್ಟಬಾರದು ಎಂಬುದು ನೋಣಯ್ಯನ ಮೊದಲ ಯೋಚನೆ. ನನ್ನ ಆಣೆ ಅಣ್ಣನನ್ನು ಹಿಡಿಯಿತು ಎಂದು ಅವಳು ಊರಿಡೀ ಸಾರಿಯಾಳು. ಎರಡನೆಯ ಯೋಚನೆ ಇನ್ನೂ ಸಿಹಿಯಾದದ್ದು. ತಾಯಿಯೂ ಕೊನೆಗೆ ಕಣ್ಣು ಕಾಣದೆ ತಡವರಿಸಿಯೇ ನಡೆಯುತ್ತಿದ್ದಳು. ಕಾಂತಿಗೆ ಸಕ್ಕರೆ ಕಾಯಿಲೆ ಇದ್ದದ್ದು ಅವನಿಗೆ ಹಳೆಯ ಸುದ್ದಿ. ಹೇಳುವವರಿಲ್ಲದಿದ್ದರೆ ಅವಳು ತೋರಿಸಿಕೊಳ್ಳುವುದಿಲ್ಲ. ತೋರಿಸಿಕೊಳ್ಳದಿದ್ದರೆ ಕಣ್ಣು ಹೋಗುತ್ತದೆ. ಹೋದರೆ ಊರು ಏನೆನ್ನುತ್ತದೆ? ದೈವ ತೀರ್ಪು ಕೊಟ್ಟಿತು ಎನ್ನುತ್ತದೆ. ನೋಣಯ್ಯ ಮಾಡಬೇಕಾದದ್ದು ಬಾಯಿ ಮುಚ್ಚಿಕೊಂಡು ಇರುವುದು ಮಾತ್ರ. ಮಾತಾಡಬಾರದೆಂದು ಆಣೆಯೇ ಇದೆಯಲ್ಲ, ಪಾಪ ಅವನೇನು ಮಾಡಿಯಾನು!

ತಾನು ನಡೆಸುತ್ತಿದ್ದ ಹೋಟೆಲಿಗೆ ಸಾಮಾನು ತರುವ ನೆಪ ಹೇಳಿ ಬಿ.ಸಿ. ರೋಡಿಗೆ ಹೋದ. ಅಲ್ಲಿಂದ ಮಂಗಳೂರಿಗೆ ಕಳಿಸಿದರು, ಲೇಸರ್ ಮಾಡಿಸಿಕೊಂಡ. ತನ್ನದೇ ಹೋಟೆಲಿನ ಬಾಳೆಹಣ್ಣಿನ ಹಲ್ವವನ್ನು ಬೆರಳಲ್ಲಿ ಮುಟ್ಟಲಿಲ್ಲ. ಚಾಕ್ಕೆ ಸಕ್ಕರೆ ಹಾಕುವುದನ್ನು ಬಿಟ್ಟ, ಬೆಳಗ್ಗೆ ನಡೆದ, ಕರೆದ ತಿಂಗಳಲ್ಲೆಲ್ಲ ತಪ್ಪದೆ ಹಾಜರಾದ. ಇಷ್ಟು ಶಿಸ್ತಿನ ರೋಗಿಯನ್ನು ಕಂಡಿಲ್ಲ ಎಂದು ಡಾಕ್ಟರು ಹೊಗಳಿದರು. ಬದುಕುವ ಆಸೆಯಿಂದ ಪಥ್ಯ ಮಾಡುವವರಿದ್ದಾರೆ. ಇವನು ಮಾಡಿದ್ದು ತಂಗಿ ಕುರುಡಾಗುವಾಗ ತನ್ನ ಕಣ್ಣು ಚೆನ್ನಾಗಿರಬೇಕೆಂದು.

ವರ್ಷ ಕಳೆದ ಮೇಲೆ ಒಂದು ದಿನ ಬಿ.ಸಿ. ರೋಡಿನ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ. ಪಾಪೆ ಅಗಲವಾಗಲೆಂದು ಹನಿ ಬಿಟ್ಟು, ಕಣ್ಣು ಮುಚ್ಚಿ ಕೂತುಕೊಳ್ಳಿ ಎಂದು ನರ್ಸು ಹೇಳಿ ಹೋಗಿದ್ದಳು. ಪಕ್ಕದಲ್ಲಿ ಯಾರನ್ನೋ ತಂದು ಕೂರಿಸಿದರು. ಅವರ ಕಣ್ಣಿಗೂ ಹನಿ ಬಿಟ್ಟಾಯಿತು. ಮದ್ದು ತರುತ್ತೇನೆ, ಅಲುಗಾಡದೆ ಕೂತಿರು ಕಾಂತಿಯಕ್ಕ ಎಂದು ಜೊತೆಗೆ ಬಂದ ಹೆಂಗಸು ಹೇಳಿದ್ದು ಕೇಳಿ ನೋಣಯ್ಯ ಕಣ್ಣು ಬಿಟ್ಟ.

ಅವಳೇ. ಕೂದಲು ನೆರೆತಿತ್ತು, ಮೈ ಇಳಿದಿತ್ತು. ನರ್ಸಿನ ಮಾತಿಗೆ ಕಟ್ಟುಬಿದ್ದು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಎದ್ದು ಹೋಗಬೇಕೆಂದುಕೊಂಡ, ಆದರೆ ಸುದ್ದಿ ಕೇಳುವ ಚಪಲ ಬಿಡಲಿಲ್ಲ. ಕಾಂತಿಗಾದರೋ ಪಕ್ಕದಲ್ಲಿ ಜನ ಇದ್ದರೆ ಬಾಯಿ ಸುಮ್ಮನಿರುವುದು ಮೊದಲಿಂದಲೂ ಕಷ್ಟ. ಎಡಗಣ್ಣು ಮಳೆಗಾಲದ ಆಟಿ ತಿಂಗಳಲ್ಲೇ ಹೋಯಿತೆಂದು ಗುರುತಿಲ್ಲದವನ ಹತ್ತಿರ ತಾನಾಗಿ ಶುರು ಮಾಡಿದಳು. ನೆರೆಮನೆಯ ಸೈನಬ ಹಟ ಹಿಡಿದು ಎಳೆದುತಂದಳಂತೆ. ಲೇಸರ್ ಎಂದರೆ ತಾನು ಒಪ್ಪುವುದಿಲ್ಲವಂತೆ.

"ಇದು ಡಾಕ್ಟರಿಂದ ಆಗುವ ಕೆಲಸ ಅಲ್ಲ ಮಾರಾಯ್ರೆ. ನನ್ನ ಅಣ್ಣನ ಆಣೆ ಉಂಟು ನನ್ನ ಮೇಲೆ. ಬರುವ ಸಂಕ್ರಾಂತಿಗೆ ಸರ ದೈವದ ಮುಂದೆ ಇಟ್ಟು, ತಪ್ಪುಕಾಣಿಕೆ ಹಾಕಿ, ಅವನ ಕಾಲು ಹಿಡಿತೇನೆ."

ನೋಣಯ್ಯನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂಬತ್ತು, ಅಲ್ಲ, ಹತ್ತು ವರ್ಷ ಇದೇ ಮಾತಿಗೆ ಕಾದಿದ್ದ. ನಗು ಬಂದದ್ದನ್ನು ನುಂಗಿಕೊಂಡ. ಅವಳು ಮುಂದುವರಿಸಿದಳು.

"ಅಮ್ಮ ಕೊಟ್ಟದ್ದೇ. ನನ್ನ ಅಂಗೈಯಲ್ಲಿಟ್ಟು, ಅವರೇ ನನ್ನ ಬೆರಳು ಮಡಚಿದ್ರು. ಆದ್ರೆ ದೈವ ಅಣ್ಣನ ಪರ ನಿಂತಿತಲ್ಲ. ನನಗೇ ಭ್ರಮೆಯಾದದ್ದಾ ಅಂತ ಈಗ ಸಂಶಯ."

ಅಪರಿಚಿತನ ಎದುರು ಕಣ್ಣು ಮುಚ್ಚಿಕೊಂಡು ಸುಳ್ಳು ಹೇಳಿ ಅವಳಿಗೇನು ಲಾಭ? ನೋಣಯ್ಯನ ನಗು ಆರಿತು. ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕಿತ್ತು. ಅವಳು ಲೇಸರ್ ಬೇಡವೆಂದು ಎದ್ದು ಹೋಗುತ್ತಿದ್ದಳು, ಸಂಕ್ರಾಂತಿಗೆ ಕಾಲು ಹಿಡಿಯುತ್ತಿದ್ದಳು, ಸರ ಬರುತ್ತಿತ್ತು, ಮಾನ ಬರುತ್ತಿತ್ತು, ಅವಳ ಬಲಗಣ್ಣೂ ಹೋಗುತ್ತಿತ್ತು. ದೈವ ಮಾಡಿದ್ದಲ್ಲ ಇದು, ಎಲ್ಲ ತಾನೇ ಮಾಡಿದ್ದು ಎಂದು ಅವನಿಗೆ ಮಾತ್ರ ಗೊತ್ತು. ಅವಳು ಸರ ಕದ್ದಿಲ್ಲ, ಅವಳ ಕಣ್ಣು ಕದ್ದ ಕಳ್ಳ ತಾನೇ ಎಂದು ಹೊಳೆಯಿತು. ನಾಚಿಕೆಯಾಯಿತು, ಸುಳ್ಳು ಹೊರಿಸಿದವನ ಮೇಲೆ ಅವಳು ಹಾಕಿದ್ದ ಆಣೆ ನೆನಪಾಗಿ ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಆಣೆ ಅಲ್ಲ ಕಾಂತಿ, ಸಕ್ಕರೆ," ಎಂದ. "ನನಗೂ ಉಂಟು. ಲೇಸರ್ ಮಾಡಿಸಿದೆ, ಕಣ್ಣು ಉಳಿಯಿತು. ನೀನೂ ಮಾಡಿಸು."

ಕಾಂತಿ ಕಣ್ಣು ಬಿಟ್ಟಳು. ಉಳಿದ ಒಂದು ಕಣ್ಣಿನಲ್ಲಿ ಅವನ ಮುಖವನ್ನು ಹುಡುಕಿದಳು.

"ನಿನಗೆ ಯಾವಾಗ ಗೊತ್ತಾದದ್ದು?"

ಇಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ನಾಲಗೆಗೆ ಬರಲಿಲ್ಲ. ಹೋದ ವರ್ಷ ಎಂದ. ತಂಗಿಗೂ ಹೇಳಿ ಎಂದು ಆಗಲೇ ಡಾಕ್ಟರು ಹೇಳಿದ್ದರು ಎಂಬುದನ್ನೂ ಹೇಳಿದ.

"ಹೋದ ವರ್ಷ ನನಗೆ ಎರಡು ಕಣ್ಣಿತ್ತು," ಎಂದಳು ಕಾಂತಿ.

ಬೈಯುತ್ತಾಳೆ, ಅಳುತ್ತಾಳೆ ಎಂದು ನೋಣಯ್ಯ ತಲೆ ತಗ್ಗಿಸಿ ಕಾದ. ಎರಡೂ ಆಗಲಿಲ್ಲ. ಅಷ್ಟರಲ್ಲಿ ಸೈನಬ ಮದ್ದು ಹಿಡಿದು ಬಂದಳು, ಒಳಗಿನಿಂದ ಕಾಂತಿಯ ಹೆಸರನ್ನೂ ಕರೆದರು. ಲೇಸರ್ ಮಾಡಿಸುತ್ತೇನೆ, ಎಷ್ಟು ಸಲ ಕರೆದರೂ ಬರುತ್ತೇನೆ ಎಂದು ಕಾಂತಿ ಹೇಳಿದಾಗ ಸೈನಬಳಿಗೆ ನಂಬಲಾಗಲಿಲ್ಲ. ಇಷ್ಟು ಬೇಗ ಬುದ್ಧಿ ಹೇಳಿದವರು ಯಾರು ಎಂದು ನೋಣಯ್ಯನ ಕಡೆ ಮೆಚ್ಚುಗೆಯಿಂದ ನೋಡಿದಳು.

ಕಾಂತಿ ಎದ್ದಳು. ಅಣ್ಣನ ಮುಖದ ಹತ್ತಿರಕ್ಕೆ ಬಗ್ಗಿದಳು.

"ಈ ಒಂದು ಕಣ್ಣು ನನಗೆ ಬೇಕು. ನೀನು ಕುರುಡಾಗುವುದನ್ನು ನೋಡ್ಲಿಕ್ಕೆ."

ಸೈನಬ ಚಾಚಿದ ಕೈಯನ್ನು ಹಿಡಿಯದೆ, ಗೋಡೆ ತಡವುತ್ತ ಅವಳು ಒಬ್ಬಳೇ ಒಳಗೆ ಹೋದಳು.